ಅಪ್ಪನಿಗೆ ಗೆರೆ ಎಳೆದ ಕಾದಂಬರಿ ಕೊಟ್ಟ ಮಗಳು

ಆಪ್ತ ಸಲಹೆಗೆ ನನ್ನ ಹತ್ತಿರ ಬಂದ ಒಬ್ಬರ ಮನೆಯ ವಿಷಯ ಇದು, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮೂವತ್ತು ದಾಟಿದ ಮಗಳು, ಅರವತ್ತು ದಾಟಿದ ಅಪ್ಪ, ಇಬ್ಬರ ನಡುವೆ ಅಮ್ಮ. ಒಂದೇ ಮನೆಯಲ್ಲಿದ್ದರೂ ಅಪ್ಪ "ನಿನ್ನ ಮಗಳಿಗೆ ಹೇಳು" ಅನ್ನುತ್ತಾರೆ, ಮಗಳು "ನಿಮ್ಮ ಯಜಮಾನರಿಗೆ ಹೇಳಮ್ಮ" ಅನ್ನುತ್ತಾರೆ.

ಹೀಗಿರುವಾಗ ಮಗಳು ಒಂದು ಕಾದಂಬರಿ ಓದಿದರು. ಮೂರು ತಲೆಮಾರಿನ ಕಥೆ, ಯಾರೂ ಯಾರ ಹತ್ತಿರವೂ ಮನಸ್ಸು ಬಿಚ್ಚದ ಮನೆ. ಥೇಟ್ ನಮ್ಮ ಮನೆಯೇ ಅನ್ನಿಸಿ, ಕೆಲವು ಸಾಲುಗಳ ಕೆಳಗೆ ಗೆರೆ ಎಳೆದು ಪುಸ್ತಕವನ್ನು ಅಪ್ಪನ ಮೇಜಿನ ಮೇಲಿಟ್ಟರು. ಅಪ್ಪ ಓದಿದರು. "ನಾನು ಅಷ್ಟು ಕೆಟ್ಟವನಾ ಅಂತ ಕೇಳು ಅವಳನ್ನ" ಅಂದರು, ಅದೂ ಅಮ್ಮನ ಹತ್ತಿರ!

"ಬೈಲಿಲ್ಲ, ಜಗಳ ಆಡಲಿಲ್ಲ, ಸುಮ್ನೆ ಪುಸ್ತಕ ಕೊಟ್ಟೆ. ಅದೂ ತಪ್ಪಾ?" ಅಂತ ಮಗಳು ನನ್ನನ್ನು ಕೇಳಿದರು.

ಗೆರೆ ಎಳೆದ ಕೂಡಲೇ ಪುಸ್ತಕ ಆರೋಪಪಟ್ಟಿ ಆಗಿಬಿಡುತ್ತದೆ, ಅಲ್ವಾ? ಇನ್ನೊಂದು ವಿಷಯ. ಕಾದಂಬರಿಯ ಅಪ್ಪ ಯಾಕೆ ಹಾಗಾದ ಅಂತ ಲೇಖಕರು ಒಳಹೊಕ್ಕು ಬರೆದಿರುತ್ತಾರೆ, ಅದಕ್ಕೇ ಅವನ ಮೇಲೆ ನಮಗೆ ಕರುಣೆ ಬರುತ್ತದೆ. ನಿಮ್ಮ ಅಪ್ಪನ ಬಗ್ಗೆ ಅಷ್ಟು ಗೊತ್ತಾ ಅಂತ ಕೇಳಿದೆ. ಅವರು ಯಾವ ವಯಸ್ಸಿಗೆ ದುಡಿಯಲು ಶುರು ಮಾಡಿದರು ಅನ್ನುವುದೂ ಇವರಿಗೆ ಗೊತ್ತಿರಲಿಲ್ಲ.

ಇಬ್ಬರ ನಡುವೆ ಬಿಗುವು ಜಾಸ್ತಿಯಾದಾಗ ಮೂರನೆಯವರನ್ನು ಎಳೆದುಕೊಳ್ಳುವುದನ್ನು ಅಮೆರಿಕದ ಮನೋವೈದ್ಯ ಮರ್ರಿ ಬೋವೆನ್ (1913–1990) ತ್ರಿಕೋನ ಅಂದರು. ಆ ಕ್ಷಣಕ್ಕೆ ಹಗುರವಾಗುತ್ತದೆ, ಆದರೆ ಇಬ್ಬರ ಸಮಸ್ಯೆ ಇದ್ದಲ್ಲೇ ಇರುತ್ತದೆ. ಈ ಮನೆಯಲ್ಲಿ ಮೂರನೆಯವರು ಅಮ್ಮ, ಆಮೇಲೆ ಪುಸ್ತಕ. ಮೂರು ತಲೆಮಾರಿನ ಕುಟುಂಬ ನಕ್ಷೆ ಬರೆಸಿದೆ. ಯಾರಿಗೆ ಯಾರ ಜೊತೆ ಜಗಳವೋ ಅಲ್ಲಿ ಅಂಕುಡೊಂಕು ಗೆರೆ, ಮಾತೇ ನಿಂತಿದ್ದರೆ ತುಂಡು ಗೆರೆ. ಅಮ್ಮನನ್ನು ಕೇಳಿ ತುಂಬಿಸಿದಾಗ ಗೊತ್ತಾಯಿತು, ಅಪ್ಪನೂ ತಮ್ಮ ಅಪ್ಪನ ಜೊತೆ ಮಾತಾಡುತ್ತಿದ್ದದ್ದು ಅಜ್ಜಿಯ ಮೂಲಕವೇ.

ಅಮ್ಮನಿಗೆ ನಾನು ಹೇಳಿದ್ದು: ಸಂದೇಶ ಬಂದರೆ "ನೀವೇ ಹೇಳಿ" ಅನ್ನಿ, ದಾಟಿಸಬೇಡಿ. ಎಲ್ಲರಿಗಿಂತ ಕಷ್ಟವಾಗಿದ್ದು ಅವರಿಗೇ. ನಡುವೆ ನಿಲ್ಲುವವರಿಗೆ ಸುಸ್ತಾಗುತ್ತದೆ ನಿಜ, ಆದರೆ ಆ ಜಾಗ ಬಿಟ್ಟರೆ ಮನೆಯಲ್ಲಿ ನನಗೇನು ಕೆಲಸ ಅನ್ನುವ ಭಯವೂ ಇರುತ್ತದೆ.

ಮಗಳಿಗೆ: "ನೀವು ಯಾವತ್ತೂ..." ಅಂತ ಮಾತು ಶುರು ಮಾಡಬೇಡಿ. ಅಪ್ಪನ ಹಳೆಯ ದಿನಗಳ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಿ, ಅದೂ ಎದುರು ಕೂತು ವಿಚಾರಣೆ ಮಾಡಿದ ಹಾಗೆ ಬೇಡ, ಜೊತೆಗೆ ನಡೆಯುವಾಗಲೋ ಏನಾದರೂ ಕೆಲಸ ಮಾಡುವಾಗಲೋ ಕೇಳಿ. ಉತ್ತರ ಬಂದರೆ ತಿದ್ದಬೇಡಿ. ಎದೆ ಹೊಡೆದುಕೊಳ್ಳಲು ಶುರುವಾದರೆ ನಿಲ್ಲಿಸಿ. ಸಂಶೋಧಕ ಜಾನ್ ಗಾಟ್‌ಮನ್ ದಂಪತಿಗಳ ಜಗಳದ ಬಗ್ಗೆ ಹೇಳಿದ್ದು ಇಲ್ಲಿಗೂ ಹೊಂದುತ್ತದೆ: ನಾಡಿಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ಸರಿಯಾಗಿ ಕಿವಿಗೆ ಇಳಿಯುವುದಿಲ್ಲ, ಕನಿಷ್ಠ 20 ನಿಮಿಷ ಬಿಡುವು ಬೇಕು. ಎದ್ದು ಹೋಗುವ ಮುಂಚೆ ಮತ್ತೆ ಯಾವಾಗ ಮಾತಾಡೋಣ ಅಂತ ಹೇಳಿ ಹೋಗಿ.

ಹೊಡೆತ, ಬೆದರಿಕೆ ಇರುವ ಮನೆಗೆ ಈ ಸಲಹೆ ಅಲ್ಲ. ಅಲ್ಲಿ ಮೊದಲು ಸುರಕ್ಷತೆ ನೋಡಿಕೊಳ್ಳಬೇಕು.

ಅಪ್ಪ ತಮ್ಮ ಮೊದಲ ಕೆಲಸದ ಬಗ್ಗೆ ಸ್ವಲ್ಪ ಮಾತಾಡಿದ್ದಾರೆ. ಸಲಹೆಗೆ ಬರಲು ಮಾತ್ರ ಒಪ್ಪಿಲ್ಲ, ಬಲವಂತ ಬೇಡ ಅಂದಿದ್ದೇನೆ. ಮಗಳೊಬ್ಬರೇ ಬರುತ್ತಿದ್ದಾರೆ, ಸದ್ಯಕ್ಕೆ ಅಷ್ಟು ಸಾಕು.