ಪೊಟ್ಟಣ ಎಷ್ಟು, ಪೊಟ್ಟಣದೊಳಗೆ ಎಷ್ಟು?

ಪ್ರಶ್ನೆ: ಮಗಳು ಆರನೇ ತರಗತಿ. 84 + 60 ಅನ್ನು ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಹೊರಗೆ ತೆಗೆದು ಬರೆಯಲು ಹೇಳಿದ್ದರು. ಅವಳು 6 × (14 + 10) ಎಂದು ಬರೆದಳು. ಉತ್ತರ 144 ಸರಿಯಾಗಿಯೇ ಬರುತ್ತದೆ. ಆದರೂ ತಪ್ಪು ಹಾಕಿದ್ದಾರೆ. ಅವಳು ಅತ್ತಳು, ನನಗೂ ವಿವರಿಸಲು ಬರಲಿಲ್ಲ.
— ಒಬ್ಬ ತಾಯಿ, ಸಾಗರ

ಉತ್ತರ: ನಿಮ್ಮ ಮಗಳ ಲೆಕ್ಕ ತಪ್ಪಲ್ಲ ತಾಯಿ, ಅರ್ಧ ದಾರಿಯಲ್ಲಿ ನಿಂತಿದೆ ಅಷ್ಟೆ. ಆ ಕೆಂಪು ಗುರುತಿನ ಪಕ್ಕ ಇಷ್ಟು ಬರೆದಿದ್ದರೆ ಮಗು ಅಳುತ್ತಿರಲಿಲ್ಲ. ಓದಿ ನನಗೂ ಬೇಜಾರಾಯಿತು.

ನಿಮ್ಮ ಕಡೆ ಚೌತಿಗೆ ಮುಂಚೆ ಅಕ್ಕಪಕ್ಕದವರೆಲ್ಲ ಸೇರಿ ಚಕ್ಕುಲಿ ಸುತ್ತುವ ಚಕ್ಕುಲಿ ಕಂಬಳ ಮಾಡುತ್ತೀರಲ್ವಾ? ಶಾಲೆಯಲ್ಲಿದ್ದಾಗ ಈ ಪಾಠವನ್ನು ನಾನು ಅಲ್ಲಿಂದಲೇ ಶುರು ಮಾಡುತ್ತಿದ್ದೆ. 84 ಚಕ್ಕುಲಿ, 60 ಕಜ್ಜಾಯ ಇವೆ ಅಂದುಕೊಳ್ಳಿ. ನೆಂಟರ ಮನೆಗಳಿಗೆ ಪೊಟ್ಟಣ ಕಟ್ಟಬೇಕು. ಎಲ್ಲವೂ ಒಂದೇ ಥರ ಇರಬೇಕು, ಒಂದು ಚಕ್ಕುಲಿಯೂ ಉಳಿಯಬಾರದು, ಮುರಿಯಲೂಬಾರದು.

ನಿಮ್ಮ ಮಗಳು ಕಟ್ಟಿದ್ದು 6 ಪೊಟ್ಟಣ. ಒಂದೊಂದರಲ್ಲಿ 14 ಚಕ್ಕುಲಿ, 10 ಕಜ್ಜಾಯ. ಅದರಲ್ಲಿ ಒಂದನ್ನು ಬಿಚ್ಚಿ ಬಾಳೆಎಲೆ ಮೇಲೆ ಹರವಲು ಹೇಳಿ. ಅವಳೇ ನೋಡುತ್ತಾಳೆ: 14 ಕೂಡ ಎರಡು ಸಮಪಾಲಾಗುತ್ತದೆ, 10 ಕೂಡ. ಅಂದರೆ ಪ್ರತಿ ಪೊಟ್ಟಣವನ್ನೂ ಎರಡು ಮಾಡಬಹುದು. ಆಗ 12 ಪೊಟ್ಟಣ, ಒಳಗೆ 7 ಚಕ್ಕುಲಿ, 5 ಕಜ್ಜಾಯ. 12 × (7 + 5). ಇನ್ನು ಒಡೆಯಲು ಹೋದರೆ ಚಕ್ಕುಲಿಯೇ ಮುರಿಯಬೇಕು. ಈ 12 ಮ.ಸಾ.ಅ.

ಆವರಣದ ಹೊರಗಿರುವುದು ಪೊಟ್ಟಣಗಳ ಸಂಖ್ಯೆ, ಒಳಗಿರುವುದು ಒಂದು ಪೊಟ್ಟಣದ ಸಾಮಾನು. ಮಕ್ಕಳು ಜಾಸ್ತಿ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ವಿಭಾಜಕ ನಿಯಮ, ಅಂದರೆ a × (b + c) = a × b + a × c, ಅಂತ ಸುಮ್ನೆ ಬಾಯಿಪಾಠ ಮಾಡಿಸಿದರೆ ಇದು ಕಣ್ಣಿಗೆ ಬೀಳುವುದಿಲ್ಲ.

12 ಅನ್ನು ನೇರವಾಗಿ ಹುಡುಕಬೇಕಾದರೆ, 84ರಲ್ಲಿ 60 ಕಳೆಯಿರಿ, 24. 60ರಲ್ಲಿ 24 ಅನ್ನು ಎರಡು ಸಲ ಕಳೆಯಿರಿ, 12. ಆ 12ರಿಂದ 24 ಶೇಷವಿಲ್ಲದೆ ಮುಗಿಯುತ್ತದೆ, ಅಲ್ಲಿಗೆ ಸಿಕ್ಕಿತು. ಗಣಿತಜ್ಞ ಆರ್ಯಭಟನ ಕ್ರಿ.ಶ. 499ರ ಗ್ರಂಥ ಆರ್ಯಭಟೀಯದಲ್ಲಿ ಬರುವ, ಕುಟ್ಟಕ ಎಂಬ ಹೆಸರಿನ ಲೆಕ್ಕವೂ ಹೀಗೇ, ಉಳಿದ ಶೇಷದಿಂದ ಮತ್ತೆ ಮತ್ತೆ ಭಾಗಿಸುತ್ತಾ ಹೋಗುತ್ತದೆ. ಒರಳಲ್ಲಿ ಕುಟ್ಟಿದ ಹಾಗೆ ಸಂಖ್ಯೆ ಸಣ್ಣದಾಗುತ್ತಾ ಬರುತ್ತದೆ. ಹೆಸರು ಎಷ್ಟು ಚೆಂದ, ನೋಡಿ.

ಇವತ್ತು ಸಂಜೆ ಅವಳ ಮುಂದೆ 90 ವೀಳ್ಯದೆಲೆ, 45 ಅಡಿಕೆ ಇಡಿ. ಎಷ್ಟು ಜನಕ್ಕೆ ತಾಂಬೂಲ ಆಗುತ್ತದೆ ಅಂತ ಕೇಳಿ. 45 × (2 + 1) ಎಂದು ಬರೆಯುವ ಮೊದಲೇ ಅವಳ ಕೈ ಜೋಡಿ ಎಲೆ ಎತ್ತಿ, ಮೇಲೊಂದು ಅಡಿಕೆ ಇಟ್ಟಿರುತ್ತದೆ.