ಸಂಪಾದಕರ ಉತ್ತರ: ಜೋಳದ ಬೆಲೆ ಡೆಲ್ಲಿಯಲ್ಲಿ

ಶನಿವಾರಸಂತೆ ಕಡೆಯ ಓದುಗರೊಬ್ಬರು ಸಿಟ್ಟಿನಿಂದ ಉದ್ದದ ಪತ್ರ ಬರೆದಿದ್ದಾರೆ. ಕಬ್ಬು, ಕಾಳಿನಿಂದ ತೆಗೆಯುವ ಎಥೆನಾಲ್ ಶೇ. 20 ಬೆರೆತ ಪೆಟ್ರೋಲ್ ಬಂದ ಮೇಲೆ ಬೈಕುಗಳ ಮೈಲೇಜ್ ಇಳಿದಿದೆ ಅಂತ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆವು. ಅವರ ಮಾತು ಇದು: ‘ಪೆಟ್ರೋಲ್ ಹಾಕಿಸುವವನ ಕಷ್ಟ ನಿಮಗೆ ಕಾಣುತ್ತದೆ, ಜೋಳ ಹಾಕಿದವನ ಕಷ್ಟ ಕಾಣುವುದಿಲ್ಲ. ಮುಸುಕಿನ ಜೋಳಕ್ಕೆ ಒಂದು ಬೆಲೆ ಅಂತ ಬಂದಿದ್ದೇ ಎಥೆನಾಲಿನಿಂದ. ಮಡಿಕೇರಿಯಲ್ಲಿ ಕೂತ ನಿಮಗೆ ಕಾಫಿ, ಕರಿಮೆಣಸು ಬಿಟ್ಟು ಬೇರೆ ಬೆಳೆ ಗೊತ್ತಾ?’ ಕೊನೆಗೆ ಒಂದು ಪ್ರಶ್ನೆ: ಈ ಮುಂಗಾರಿಗೆ ಜೋಳ ಹಾಕಲೋ, ಬಿಡಲೋ? (ಇಲ್ಲಿ ಜೋಳ ಅಂದಲ್ಲೆಲ್ಲ ಮುಸುಕಿನ ಜೋಳವೇ.)

ನಿಮ್ಮ ಸಿಟ್ಟು ನನಗೆ ಇಷ್ಟವಾಯಿತು. ಕೊಡಗು ಅಂದರೆ ಕಾಫಿ ಅಂತಲೇ ಬರೆಯುವವರ ನಡುವೆ, ಸೋಮವಾರಪೇಟೆ, ಕುಶಾಲನಗರದ ಬಯಲು ಕಡೆ ಜೋಳ ಬೆಳೆಯುವವರೂ ಇದ್ದಾರೆ ಅಂತ ಯಾರಾದರೂ ಜೋರಾಗಿ ಹೇಳಬೇಕಿತ್ತು. ನೀವು ಹೇಳಿದ್ದರಲ್ಲಿ ನಿಜವೂ ಇದೆ. ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಜಾಸ್ತಿ ಹೊರಗಿನಿಂದ ಬರುತ್ತದೆ. ಆ ದುಡ್ಡಿನಲ್ಲಿ ಸ್ವಲ್ಪ ರೈತನ ಕೈಗೆ ಬಂದರೆ ಯಾರಿಗೆ ಹೊಟ್ಟೆಕಿಚ್ಚು? 2024ರಲ್ಲಿ ಜೋಳದ ಬೆಲೆ ಬೆಂಬಲ ಬೆಲೆಯನ್ನು ದಾಟಿ ಮೇಲೆ ಹೋಗಿದ್ದೂ ಹೌದು.

ಆದರೆ ಆ ಬೆಲೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ನೋಡಿದ್ದೀರಾ?

2023ರ ಜುಲೈನಲ್ಲಿ ಭಾರತ ಆಹಾರ ನಿಗಮದ ಅಕ್ಕಿಯನ್ನು ಎಥೆನಾಲಿಗೆ ಕೊಡುವುದು ನಿಂತಿತು. ಅದೇ ಡಿಸೆಂಬರಿನಲ್ಲಿ ಕಬ್ಬಿನ ಹಾಲಿಗೂ ಕಡಿವಾಣ ಬಿತ್ತು. ಪೆಟ್ರೋಲಿಗೆ ಇಷ್ಟು ಎಥೆನಾಲ್ ಬೆರೆಸಬೇಕು ಅನ್ನುವ ಗುರಿ ಮಾತ್ರ ಹಾಗೇ ಉಳಿಯಿತು. ಹಾಗಾದರೆ ಎಥೆನಾಲ್ ತೆಗೆಯುವ ಡಿಸ್ಟಿಲರಿಯವರು ಎಲ್ಲಿಗೆ ಹೋಗಬೇಕು? ಜೋಳಕ್ಕೆ ಬಂದರು. ಜೋಳದ ಎಥೆನಾಲಿಗೆ ತೈಲ ಕಂಪನಿಗಳು ಲೀಟರಿಗೆ 71.86 ರೂಪಾಯಿ ಕೊಡಬೇಕು ಅಂತ ಆಯಿತು. ಒಂದು ಕ್ವಿಂಟಲ್ ಜೋಳದಿಂದ ಸುಮಾರು 38 ಲೀಟರ್ ಸಿಗುತ್ತದೆ. ಅಲ್ಲಿಗೆ 2,730 ರೂಪಾಯಿ ಆಯಿತು. ಡಿಸ್ಟಿಲರಿಯ ಖರ್ಚು, ಲಾಭ, ಉಳಿದ ಹಿಂಡಿ ಮಾರಿದ ದುಡ್ಡು ಎಲ್ಲ ಕೂಡಿಸಿ ಕಳೆದು ನೋಡಿ. ನಿಮ್ಮ ಜೋಳಕ್ಕೆ ಎಷ್ಟರವರೆಗೆ ಕೊಡಬಹುದು ಅನ್ನುವುದು ನೀವು ಬಿತ್ತುವ ಮೊದಲೇ ತೀರ್ಮಾನವಾಗಿತ್ತು. ಇದನ್ನು ಮಾರುಕಟ್ಟೆ ಅನ್ನುತ್ತಾರಾ? ನಾನು ಅನ್ನುವುದಿಲ್ಲ. ಇದು ಆದೇಶ. ಆದೇಶದಿಂದ ಬಂದ ಬೆಲೆ ಇನ್ನೊಂದು ಆದೇಶದಿಂದ ಹೋಗುತ್ತದೆ.

ಹೋಗಿಯೂ ಹೋಯಿತು. 2025ರ ಜನವರಿಯಲ್ಲಿ ನಿಗಮದ ಅಕ್ಕಿ ಕ್ವಿಂಟಲಿಗೆ 2,250 ರೂಪಾಯಿಯಂತೆ ಮತ್ತೆ ಡಿಸ್ಟಿಲರಿಗಳ ಬಾಗಿಲಿಗೆ ಬಂತು. ಅದನ್ನು ಕೊಂಡು, ಕಾಪಾಡಿ, ಸಾಗಿಸಲು ಸರ್ಕಾರಕ್ಕೆ ತಗಲುವುದು ಸುಮಾರು 4,000. ಮುಂದೆ 52 ಲಕ್ಷ ಟನ್ ಅಕ್ಕಿಯನ್ನು ಇದಕ್ಕೇ ಎತ್ತಿಟ್ಟರು. ಅದರ ಮೇಲೆ ಜೋಳದ ಬೆಳೆಯೂ ಚೆನ್ನಾಗಿ ಬಂತು, ಬೆಲೆ ನೋಡಿ ಎಲ್ಲರೂ ಜೋಳವನ್ನೇ ಹಾಕಿದ್ದರಲ್ಲ. ಬೆಂಬಲ ಬೆಲೆ 2,400 ಅಂತ ಕಾಗದದಲ್ಲಿತ್ತು. ಆ ನವೆಂಬರಿನಲ್ಲಿ ಉತ್ತರ ಕರ್ನಾಟಕದ ಮಂಡಿಗಳಲ್ಲಿ 1,600, 1,800ಕ್ಕೆ ಕೂಗಿದರು. ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ದಿನಗಟ್ಟಲೆ ಧರಣಿ ಕೂತರು, ಮುಖ್ಯಮಂತ್ರಿಗಳು ಪ್ರಧಾನಿಗೆ ಪತ್ರ ಬರೆದರು. ಎಥೆನಾಲ್ ಆಗಲೂ ಇತ್ತು. ಪೆಟ್ರೋಲಿನಲ್ಲಿ ಶೇ. 20 ಬೆರೆಯುತ್ತಲೂ ಇತ್ತು. ನಿಮ್ಮ ಬೆಲೆ ಮಾತ್ರ ಇರಲಿಲ್ಲ.

ಅಕ್ಕಿಯ ಮಾತು ಬಂತು, ಇದೊಂದನ್ನು ಹೇಳಿಬಿಡುತ್ತೇನೆ. 2023ರ ಜೂನಿನಲ್ಲಿ ಅನ್ನಭಾಗ್ಯಕ್ಕೆ ಅಂತ ನಮ್ಮ ರಾಜ್ಯ ಕೆ.ಜಿ.ಗೆ 34 ರೂಪಾಯಿ ಕೊಟ್ಟು ಕೊಳ್ಳುತ್ತೇವೆ ಅಂದಾಗ, ರಾಜ್ಯಗಳಿಗೆ ಮಾರುವುದಿಲ್ಲ ಅಂತ ಕೇಂದ್ರದವರು ಅಂದರು. ನಮ್ಮ ಜನರ ಖಾತೆಗೆ ಅಕ್ಕಿ ಬದಲು ದುಡ್ಡು ಬಂತು. ಎರಡು ವರ್ಷ ಕಳೆಯುವುದರೊಳಗೆ ಅದೇ ಗೋದಾಮಿನ ಅಕ್ಕಿ 22 ರೂಪಾಯಿ 50 ಪೈಸೆಗೆ ಎಥೆನಾಲ್ ಆಗಲು ಹೊರಟಿತು. ಅದೇ ದರಕ್ಕೆ ರಾಜ್ಯಗಳಿಗೂ ಕೊಟ್ಟರು, ಇಲ್ಲ ಅನ್ನುವುದಿಲ್ಲ. ಗೋದಾಮು ತುಂಬಿತ್ತು ಅಂತಲೂ ಹೇಳುತ್ತಾರೆ. ತುಂಬಿದ್ದರೆ ಮೊದಲು ಯಾರ ತಟ್ಟೆ ನೋಡಬೇಕಿತ್ತು?

ನಮಗಿಂತ ಮೊದಲೇ ಅಮೆರಿಕದವರು ಈ ದಾರಿಯಲ್ಲಿ ನಡೆದು ತೋರಿಸಿದ್ದಾರೆ. 2005ರಲ್ಲಿ, ಮತ್ತೆ 2007ರಲ್ಲಿ ಕಾನೂನು ತಂದು, ಇಷ್ಟು ಎಥೆನಾಲ್ ಬೆರೆಸಲೇಬೇಕು ಅಂದರು. 2005ರಲ್ಲಿ ಅಲ್ಲಿನ ಜೋಳದಲ್ಲಿ ಏಳನೇ ಒಂದು ಪಾಲು ಎಥೆನಾಲಿಗೆ ಹೋಗುತ್ತಿತ್ತು. 2012ರ ಹೊತ್ತಿಗೆ ಅದು ನೂರಕ್ಕೆ ನಲವತ್ತರ ಹತ್ತಿರ ಬಂತು. ಬುಷೆಲಿಗೆ, ಅಂದರೆ ಸುಮಾರು 25 ಕೆ.ಜಿ.ಗೆ, 2 ಡಾಲರ್ ಇದ್ದ ಬೆಲೆ 2012ರ ಬರಗಾಲದಲ್ಲಿ 8 ಡಾಲರ್ ಮುಟ್ಟಿತು. ಹಂದಿ, ಕೋಳಿ, ದನ ಸಾಕುವವರು ಬೊಬ್ಬೆ ಹಾಕಿದರು. ಹಲವು ರಾಜ್ಯಗಳ ಗವರ್ನರ್‌ಗಳು, ಈ ವರ್ಷವಾದರೂ ಕಡ್ಡಾಯ ಸಡಿಲಿಸಿ ಅಂತ ಕೇಳಿದರು. ಆಗಲ್ಲ ಅಂದುಬಿಟ್ಟಿತು ಸರ್ಕಾರ. ಅದಕ್ಕೂ ಮೊದಲು, 2007ರಲ್ಲಿ, ಮೆಕ್ಸಿಕೋದಲ್ಲಿ ಜೋಳದ ರೊಟ್ಟಿ ದುಬಾರಿಯಾಗಿ ಸಾವಿರಾರು ಜನ ಬೀದಿಗಿಳಿದಿದ್ದರು. ಅಲ್ಲಿ ದಾಸ್ತಾನು ಕೂಡಿಟ್ಟವರ ಪಾಲೂ ಇತ್ತು ಅನ್ನಿ. ಅಮೆರಿಕದ ರೈತನಾದರೂ ಉದ್ಧಾರವಾದನಾ? 2014ಕ್ಕೆ ಬೆಲೆ 4 ಡಾಲರಿಗಿಂತ ಕೆಳಗೆ ಬಂತು. ಎಥೆನಾಲ್ ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ಈಗ ಹೆಚ್ಚಾದ ಜೋಳವನ್ನು ಯಾರ ತಲೆಗೆ ಕಟ್ಟುವುದು ಅಂತ ನೋಡುತ್ತಿದ್ದಾರೆ. 140 ಕೋಟಿ ಜನ ಇರುವ ಭಾರತ ನಮ್ಮ ಒಂದು ಬುಷೆಲ್ ಜೋಳವನ್ನೂ ಕೊಳ್ಳುವುದಿಲ್ಲ ಅಂತ 2025ರಲ್ಲಿ ಅಲ್ಲಿನ ವಾಣಿಜ್ಯ ಮಂತ್ರಿಯೇ ದೂರಿದರು.

ನಮ್ಮ ಕಡೆ ಬನ್ನಿ. ನಿಮ್ಮ ಪತ್ರದಲ್ಲಿ ಇಲ್ಲದ ಒಬ್ಬರ ಬಗ್ಗೆ ಹೇಳಬೇಕು. ಕುಶಾಲನಗರದ ಹತ್ತಿರ ಹಂದಿ ಸಾಕುವ ಹೆಂಗಸೊಬ್ಬರು ನನಗೆ ಪರಿಚಯ. 2024ರಲ್ಲಿ ನಿಮ್ಮ ಮುಖ ಅರಳಿದಾಗ ಅವರ ಮುಖ ಬಾಡಿತ್ತು. ಜೋಳದ ನುಚ್ಚು ಏರಿತು, ಅದರ ಬೆನ್ನಿಗೇ ತೌಡು ಏರಿತು. ‘ಮದುವೆ ಸೀಸನ್‌ವರೆಗೆ ಹೇಗೋ ತಳ್ಳಿದೆ, ಆಮೇಲೆ ತಾಯಿ ಹಂದಿಗಳನ್ನೇ ಮಾರಿದೆ’ ಅಂದರು. ಮದುವೆ ಮನೆಯಲ್ಲಿ ಪಂದಿ ಕರಿ ಬಡಿಸಿಕೊಂಡವರು ಯಾರೂ ಇದನ್ನು ಕೇಳಿರಲಿಕ್ಕಿಲ್ಲ. ಕೋಳಿ ಫೀಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಜೋಳವೇ. ಆ ವರ್ಷ, ಹೊರಗೆ ಜೋಳ ಮಾರುತ್ತಿದ್ದ ನಮ್ಮ ದೇಶ ಮ್ಯಾನ್ಮಾರ್, ಉಕ್ರೇನಿನಿಂದ ತರಿಸಿಕೊಂಡಿತು. ಎಥೆನಾಲ್ ತೆಗೆದ ಮೇಲೆ ಉಳಿಯುವ ಹಿಂಡಿ ಮೇವಿಗೆ ಬರುತ್ತದಲ್ಲ ಅಂತ ನೀವು ಕೇಳಬಹುದು. ಬರುತ್ತದೆ, ಮೂರರಲ್ಲಿ ಒಂದು ಪಾಲಿನಷ್ಟು. ಉಳಿದೆರಡು ಪಾಲು ವಾಪಸ್ ಬರುವುದಿಲ್ಲ.

ಇಷ್ಟಕ್ಕೂ ನನ್ನ ಹೊಟ್ಟೆಯೊಳಗಿನ ಸಂಕಟ ಜೋಳದ್ದಲ್ಲ, ಗದ್ದೆಯದು. ವಿರಾಜಪೇಟೆಯಿಂದ ಪೊನ್ನಂಪೇಟೆ ಕಡೆ ಹೋಗುವಾಗ ಎಡಬಲ ನೋಡಿ. ಎಷ್ಟು ಗದ್ದೆ ಪಾಳು ಬಿದ್ದಿದೆ, ಎಷ್ಟರಲ್ಲಿ ಅಡಿಕೆ ಎದ್ದಿದೆ, ಎಷ್ಟನ್ನು ಶುಂಠಿಗೆ ಗುತ್ತಿಗೆ ಕೊಟ್ಟಿದ್ದಾರೆ. ನಾಟಿಗೆ ಆಳಿಲ್ಲ. ಬೆಳೆದರೆ ಕೊಯ್ಲಿಗೆ ಮೊದಲೇ ಆನೆ ಬರುತ್ತದೆ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಕದಿರು ತೆಗೆಯಲು ಸ್ವಂತ ಗದ್ದೆ ಇಲ್ಲದೆ ಪಕ್ಕದ ಮನೆಯವರನ್ನು ಕೇಳುವ ದೊಡ್ಡ ದೊಡ್ಡ ಮನೆತನಗಳನ್ನು ನಾನು ಬಲ್ಲೆ. ‘ಪೊಲಿ ಪೊಲಿ ದೇವಾ’, ಹೆಚ್ಚಲಿ ದೇವಾ, ಅಂತ ಕೂಗಿ, ಅಕ್ಕಿ ಕಡುಬು ಕಡಂಬುಟ್ಟಿಗೆ ಅಂಗಡಿ ಅಕ್ಕಿ ತರುತ್ತೇವೆ. ಲೀಟರ್ ಎಥೆನಾಲಿಗೆ ಪೈಸೆ ಲೆಕ್ಕದಲ್ಲಿ ಬೆಲೆ ಕಟ್ಟುವುದು ಡೆಲ್ಲಿಯವರಿಗೆ ಗೊತ್ತು. ಮಳೆ ನೀರು ಹಿಡಿದು ಕೆಳಗಿನವರ ಬಾವಿ ತುಂಬಿಸುವ ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿದವನಿಗೆ ಏನಾದರೂ ಕೊಡೋಣ ಅಂತ ಯಾವ ಕಚೇರಿಗೂ ಹೊಳೆಯುವುದಿಲ್ಲ. ಕಾಳು ಅಂದರೆ ಹೊಟ್ಟೆಗೆ ಅನ್ನುವುದು ನನ್ನ ಹಳೇ ಹಠ. ಮನುಷ್ಯನ ಹೊಟ್ಟೆ, ಇಲ್ಲವೇ ಹಟ್ಟಿಯ ಜೀವದ ಹೊಟ್ಟೆ. ಆಮೇಲೆ ಉಳಿದರೆ ಬೈಕು. ಇದನ್ನು ಹಳೇ ಕಾಲದವನ ಗೊಣಗಾಟ ಅಂತ ನೀವು ಬರೆದರೂ ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡುತ್ತೇನೆ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಜೋಳ ಹಾಕಿ. ಆದರೆ ಎಥೆನಾಲ್ ಬೆಲೆ ನಂಬಿ ಇಡೀ ಹೊಲಕ್ಕೆ ಹಾಕಬೇಡಿ, ಅದಕ್ಕಾಗಿ ಸಾಲವನ್ನಂತೂ ಮಾಡಲೇಬೇಡಿ. ಕೊಯ್ದ ತಕ್ಷಣ ಹಸಿ ಜೋಳವನ್ನು ದಲ್ಲಾಳಿ ಲಾರಿಗೆ ಸುರಿಯಬೇಡಿ. ತೇವಾಂಶ ಶೇ. 14ಕ್ಕಿಂತ ಕೆಳಗೆ ಬರುವವರೆಗೆ ಒಣಗಿಸಿ. ಬೆಂಬಲ ಬೆಲೆಗೂ ಅದೇ ಮಿತಿ, ತೂಕದಲ್ಲಿ ಕಡಿತ ಮಾಡುವವನಿಗೂ ಅದೇ ನೆಪ. ಸುತ್ತಮುತ್ತ ಕೋಳಿ, ಹಂದಿ ಸಾಕುವವರು ಯಾರಿದ್ದಾರೆ ನೋಡಿ, ಬಿತ್ತುವ ಮೊದಲೇ ಅವರ ಹತ್ತಿರ ಮಾತಾಡಿ. ಕುಶಾಲನಗರದ ಆ ಹೆಂಗಸು ಮತ್ತೆ ಮರಿ ತರುವ ಯೋಚನೆಯಲ್ಲಿದ್ದಾರೆ. ನೀವು ಒಪ್ಪಿದರೆ ಅವರ ಹತ್ತಿರ ನಾನೇ ಮಾತಾಡುತ್ತೇನೆ.