ಮುಂದಿನ ಹಲ್ಲು ಕಪ್ಪಾಗಿದೆ, ಫೆಬ್ರವರಿಯಲ್ಲಿ ಮದುವೆ: ಕೀಳಿಸಿ ಇಂಪ್ಲಾಂಟ್ ಮಾಡಿಸಲಾ, ವೆನೀರ್ ಹಾಕಿಸಲಾ?

ಕೀಳಿಸಬೇಡಿ. ಈ ಒಂದು ಮಾತು ಹೇಳೋಕೆ ಅಂತಲೇ ಬರೆಯಲು ಕೂತೆ.

ಕಡೂರು ಕಡೆಯವರು, ಕ್ರಿಕೆಟ್ ಬಾಲ್ ಬಡಿದ ಹಲ್ಲು ಕಪ್ಪಾಗಿದೆ, ಉಳಿದವಕ್ಕೆಲ್ಲ ಕಂದು ಕಲೆ, ಮದುವೆಗೆ ನಾಲ್ಕು ತಿಂಗಳಿದೆ, ಕೀಳಿಸಿ ಇಂಪ್ಲಾಂಟ್ (ಮೂಳೆಗೆ ಕೂರಿಸೋ ಕೃತಕ ಬೇರು) ಮಾಡಿಸಲಾ, ಹೇಳಿದ ಹಾಗೆ ಆರು ವೆನೀರ್ (ಹಲ್ಲಿನ ಮುಂದೆ ಅಂಟಿಸೋ ತೆಳು ಬಿಲ್ಲೆ) ಹಾಕಿಸಲಾ ಅಂತ ಬರೆದಿದ್ದೀರಿ. ನಾನು ಅರಸೀಕೆರೆ ತಾಲ್ಲೂಕಿನ ಹಳ್ಳಿಯವಳು. ಕ್ರಿಕೆಟ್ ಬಾಲ್ ತೆಗೆದು ಕೈಪಂಪ್ ಅಂತ ಹಾಕಿದರೆ ಇದು ನನ್ನದೇ ಕಥೆ.

2004ರ ಬೇಸಿಗೆ. ನನಗೆ 13 ವರ್ಷ. ಬೀದಿಗೆಲ್ಲ ಒಂದೇ ಬೋರ್‌ವೆಲ್ ಪಂಪು. ನೀರು ಪಾತಾಳಕ್ಕೆ ಹೋಗಿತ್ತು, ಇಪ್ಪತ್ತು ಸಲ ಒತ್ತಿದರೆ ಒಂದು ಸಲ ಉಗುಳುತ್ತಿತ್ತು. ನಾನೂ ಚಿಕ್ಕಪ್ಪನ ಮಗಳೂ ಹಿಡಿಕೆಗೆ ಜೋತುಬಿದ್ದು ಒತ್ತುತ್ತಿದ್ದೆವು. ಅವಳ ಒದ್ದೆ ಕೈ ಜಾರಿತು. ಹಿಡಿಕೆ ಚಿಮ್ಮಿ ನನ್ನ ಬಾಯಿಗೆ ಬಡಿಯಿತು. ತುಟಿ ಸೀಳಿತು, ಮೇಲಿನ ಮುಂದಿನ ಹಲ್ಲೊಂದು ಅಲ್ಲಾಡಿತು. ಅಜ್ಜಿ ಅರಿಶಿನ ಒತ್ತಿದರು. ಹತ್ತು ದಿನಕ್ಕೆ ಹಲ್ಲು ಗಟ್ಟಿಯಾಯಿತು, ಎಲ್ಲರೂ ಮರೆತರು.

ಎರಡು ವರ್ಷದ ಮೇಲೆ ಅದರ ಬಣ್ಣ ತಿರುಗೋಕೆ ಶುರುವಾಯಿತು. ಮೊದಲು ಬೂದಿ ಬಣ್ಣ, ಪಿಯುಸಿ ಮುಗಿಯೋ ಹೊತ್ತಿಗೆ ಸ್ಲೇಟಿನ ಬಣ್ಣ. ನೋವು ಮಾತ್ರ ಒಂದು ದಿನವೂ ಇರಲಿಲ್ಲ. ಸೆರಗು ಅಡ್ಡ ಹಿಡಿದು ನಗೋದು ನಮ್ಮ ಅಜ್ಜಿಯರ ಕಾಲದ್ದು ಅಂತ ತಮಾಷೆ ಮಾಡುತ್ತಿದ್ದವಳು ನಾನೇ ದುಪಟ್ಟಾ ಅಡ್ಡ ಹಿಡಿಯೋದು ಕಲಿತೆ.

2014ರಲ್ಲಿ ಹುಡುಗನ ಕಡೆಯವರು ನೋಡೋಕೆ ಬರ್ತೀವಿ ಅಂದರು. ಹದಿನೈದು ದಿನ ಟೈಮು. ಅಮ್ಮ ಪೇಟೆಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಯಾವ ಊರು, ಯಾರು ಅನ್ನೋದು ಬಿಡಿ. ಡಾಕ್ಟರ್ ಒಂದು ಸ್ಟೀಲ್ ಕಡ್ಡಿಯಲ್ಲಿ ಟಕ್ ಟಕ್ ಅಂತ ಹಲ್ಲು ತಟ್ಟಿದರು. "ಇದು ಸತ್ತುಹೋಗಿದೆ ಅಮ್ಮ. ತೆಗೆದು ಹೊಸದು ಕಟ್ಟಿಬಿಡೋಣ" ಅಂದರು. ನಾನು ಎರಡು ಪ್ರಶ್ನೆ ಕೇಳಿದೆ. ಎಷ್ಟು ದಿನ ಆಗುತ್ತೆ? ಎಷ್ಟು ದುಡ್ಡಾಗುತ್ತೆ? ಅಷ್ಟೇ. ಇಪ್ಪತ್ತು ನಿಮಿಷದಲ್ಲಿ ಹಲ್ಲು ಟ್ರೇಯಲ್ಲಿತ್ತು.

ಆ ಹಲ್ಲು ಈಗಲೂ ಕಣ್ಣ ಮುಂದಿದೆ. ಮೇಲೆ ಸ್ಲೇಟಿನ ಬಣ್ಣ. ಕೆಳಗೆ ಉದ್ದಕ್ಕೆ ಹಳದಿ ಬೇರು. ಎಲ್ಲೂ ಹುಳುಕಿಲ್ಲ, ಬಿರುಕಿಲ್ಲ. ತುದಿಯಲ್ಲಿ ಸ್ವಲ್ಪ ರಕ್ತ. "ಇಷ್ಟು ಗಟ್ಟಿಯಾಗಿತ್ತಲ್ಲೇ" ಅಂತ ಅಮ್ಮ ಅಂದರು.

ನನ್ನ ತಪ್ಪು ಇದೇ. ಇದನ್ನು ಎಳೆದೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. "ಇದನ್ನು ಉಳಿಸೋಕೆ ಆಗಲ್ವಾ?" ಅಂತ ನಾನು ಕೇಳಲೇ ಇಲ್ಲ. ಎಕ್ಸ್‌ರೇ ಯಾಕೆ ತೆಗೆಯಲಿಲ್ಲ ಅಂತಲೂ ಕೇಳಲಿಲ್ಲ. 'ಸತ್ತಿದೆ' ಅನ್ನೋ ಮಾತು ಕಿವಿಗೆ ಬಿದ್ದ ತಕ್ಷಣ, ಸತ್ತದ್ದನ್ನು ಬಾಯಲ್ಲಿ ಇಟ್ಟುಕೊಂಡು ಏನು ಮಾಡೋದು ಅನ್ನಿಸಿತು. ನೀವೂ ಅದನ್ನೇ ಬರೆದಿದ್ದೀರಿ: "ಹೇಗೂ ಡೆಡ್ ಟೂತ್, ಕೀಳಿಸಿದರೆ ನಷ್ಟ ಏನು?"

ನಷ್ಟ ಇದೆ. ಹಲ್ಲು ಸತ್ತಿದೆ ಅಂದರೆ ಒಳಗಿನ ನರ ಮತ್ತು ರಕ್ತನಾಳ ಸತ್ತಿವೆ, ಅಷ್ಟೆ. ಏಟು ಬಿದ್ದಾಗ ಒಳಗೆ ಸೋರಿದ ರಕ್ತ ಹಲ್ಲಿನ ಸಣ್ಣ ಸಣ್ಣ ರಂಧ್ರಗಳಿಗೆ ಇಳಿದು ಕಪ್ಪಾಗುತ್ತೆ. ಆದರೆ ಬೇರನ್ನು ಮೂಳೆಗೆ ಕಟ್ಟಿ ಹಿಡಿದಿರೋ ನಾರು ಹೊರಗಡೆ ಇರೋದು. ಅದು ಜೀವಂತವಾಗೇ ಇರುತ್ತೆ. ಆ ನಾರು ಇರೋವರೆಗೆ ಮೂಳೆ ಇರುತ್ತೆ. ಹಲ್ಲು ಕಿತ್ತ ದಿನದಿಂದ ಮೂಳೆಗೆ ಅಲ್ಲಿ ಕೆಲಸ ಇಲ್ಲ. ಹೊಲದ ಬದು ಯಾರೂ ನೋಡಿಕೊಳ್ಳದೆ ಬಿಟ್ಟರೆ ಎರಡು ಮಳೆಗಾಲಕ್ಕೆ ಕರಗುತ್ತಲ್ಲ, ಹಾಗೆ ಕರಗುತ್ತೆ. ಮೊದಲ ವರ್ಷದಲ್ಲೇ ಅಗಲದಲ್ಲಿ ಅರ್ಧದವರೆಗೂ ಹೋಗಬಹುದು. ಅದರಲ್ಲೂ ಮುಂದಿನ ಹಲ್ಲುಗಳ ಹೊರಗೋಡೆ ಅನೇಕರಲ್ಲಿ ಒಂದು ಮಿಲಿಮೀಟರ್ ದಪ್ಪವೂ ಇರೋದಿಲ್ಲ. ಮೊದಲು ಹೋಗೋದೇ ಅದು. ಇದನ್ನೆಲ್ಲ ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಕೊಟ್ಟದ್ದು ತೆಗೆದು ಹಾಕೋ ಪ್ಲೇಟು. ಅಂಗುಳಿಗೆ ಅಂಟಿಕೊಂಡಿರೋ ಗುಲಾಬಿ ಪ್ಲಾಸ್ಟಿಕ್, ಅದಕ್ಕೊಂದು ಹಲ್ಲು, ಎರಡು ತಂತಿ. ಕೀಳಿಸಿದ್ದೂ ಸೇರಿ 1,800 ರೂಪಾಯಿ. ನೋಡೋಕೆ ಬಂದವರು ಒಪ್ಪಿದರು, ಮದುವೆಯೂ ಆಯಿತು. ಮುದ್ದೆ ನುಂಗೋಕೆ ಹಲ್ಲು ಬೇಡವಾದ್ದರಿಂದ ಮನೆಯಲ್ಲಿ ಕಷ್ಟವಾಗಲಿಲ್ಲ. ಹೊರಗೆ ಊಟಕ್ಕೆ ಕೂತರೆ ಒಬ್ಬಟ್ಟು ತಂತಿಗೆ ಸಿಕ್ಕಿಕೊಳ್ಳುತ್ತಿತ್ತು. 'ಆಮೇಲೆ ಸರಿಯಾದ್ದು ಹಾಕಿಸೋಣ' ಅಂತ ಐದು ವರ್ಷ ತಳ್ಳಿದೆ. 2019ರ ಸಂಕ್ರಾಂತಿ ದಿನ ಎದುರುಮನೆಯವರು ಕೊಟ್ಟ ಸಕ್ಕರೆ ಅಚ್ಚು, ನವಿಲಿನ ಆಕಾರದ್ದು, ಮುಂದಿನ ಹಲ್ಲಲ್ಲಿ ಕಚ್ಚಿದೆ. ಪ್ಲೇಟು ಎರಡು ತುಂಡು.

ಆಮೇಲೆ ಹಾಸನದಲ್ಲಿ ಬೇರೆ ಡಾಕ್ಟರ ಹತ್ತಿರ ಹೋದೆ. ಅವರು ಮೂರು ಆಯಾಮದ ಸ್ಕ್ಯಾನ್ ಮಾಡಿಸಿ ತೋರಿಸಿದರು. ಮೂಳೆ ಉಳಿದಿದ್ದು 3.5 ಮಿಲಿಮೀಟರ್ ಅಗಲ. ಇಂಪ್ಲಾಂಟ್ ಸ್ಕ್ರೂನ ದಪ್ಪವೇ ಹೆಚ್ಚುಕಮ್ಮಿ ಅಷ್ಟಿರುತ್ತೆ, ಅದರ ಸುತ್ತ ಮತ್ತೆ ಒಂದೂವರೆ ಮಿಲಿಮೀಟರ್‌ನಷ್ಟು ಮೂಳೆ ಬೇಕು. "ಮೂರಿಂಚಿನ ಗೋಡೆ ಒಳಗೆ ಮೂರಿಂಚಿನ ಪೈಪ್ ಕೂರಿಸೋಕೆ ಆಗುತ್ತಾ?" ಅಂದರು. ಹಾಗಾಗಿ ಮೊದಲು ಮೂಳೆ ಪುಡಿ ತುಂಬಿ ಹೊಲಿಗೆ ಹಾಕಿದರು. (ಆ ಪುಡಿ ದನದ ಮೂಳೆಯದ್ದೂ ಬರುತ್ತೆ, ಸಿಂಥೆಟಿಕ್ಕೂ ಬರುತ್ತೆ. ನಮ್ಮದು ಮೊಟ್ಟೆಯೂ ತಿನ್ನದ ಮನೆ, ಅಮ್ಮ ಕೇಳಿದ ಮೊದಲ ಪ್ರಶ್ನೆಯೇ ಅದು. ನಿಮ್ಮ ಮನೆಯಲ್ಲೂ ಕೇಳುತ್ತಾರೆ ಅಂದರೆ ಮೊದಲೇ ಡಾಕ್ಟರಿಗೆ ಹೇಳಿ.) ಆರು ತಿಂಗಳು ಕಾದೆ. ಆಮೇಲೆ ಸ್ಕ್ರೂ. ಮತ್ತೆ ನಾಲ್ಕು ತಿಂಗಳು. ಆಮೇಲೆ ಕ್ಯಾಪ್. ಒಟ್ಟು 68 ಸಾವಿರ.

ಚೆನ್ನಾಗಿದೆಯಾ ಅಂದರೆ ಗಟ್ಟಿಯಾಗಿದೆ. ಚಕ್ಕುಲಿ ಕಚ್ಚುತ್ತೇನೆ. ಆದರೆ ಮೂಳೆಯ ಜೊತೆ ವಸಡೂ ಮೇಲಕ್ಕೆ ಹೋಗಿತ್ತು. ಹಾಗಾಗಿ ಆ ಕ್ಯಾಪ್ ಪಕ್ಕದ ಹಲ್ಲಿಗಿಂತ ಉದ್ದ ಕಾಣುತ್ತೆ. ಬುಡದಲ್ಲಿ ಸಣ್ಣ ಕಪ್ಪು ತ್ರಿಕೋನದ ಸಂದಿ ಇದೆ. ಜೋರಾಗಿ ನಕ್ಕರೆ ಕಾಣುತ್ತೆ. ನಾನೀಗ ಜೋರಾಗೇ ನಗುತ್ತೇನೆ, ಅದು ಬೇರೆ ವಿಷಯ.

ಇನ್ನು ನನ್ನ ನಾದಿನಿ. ಬಸ್ಸಿನ ಕಂಬಿಗೆ ಬಾಯಿ ಬಡಿದು ಅವಳ ಹಲ್ಲೂ ಹೀಗೇ ಕಪ್ಪಾಯಿತು. ಈ ಸಲ ಜೊತೆಗೆ ಹೋದವಳು ನಾನು. ಸಣ್ಣ ಎಕ್ಸ್‌ರೇ ತೆಗೆದರು, ಬೇರು ಸರಿಯಿತ್ತು. ರೂಟ್ ಕೆನಾಲ್ ಮಾಡಿದರು, ಅಂದರೆ ಒಳಗಿನ ಸತ್ತ ನರ ತೆಗೆದು ಚೊಕ್ಕಟ ಮಾಡಿ ತುಂಬಿದರು. ಆಮೇಲೆ ಹಲ್ಲಿನ ಹಿಂಬದಿಯ ತೂತಿನಿಂದ ಒಳಗೆ ಹಲ್ಲು ಬೆಳ್ಳಗೆ ಮಾಡೋ ಔಷಧಿ (ಬ್ಲೀಚ್) ತುಂಬಿ ಮುಚ್ಚಿ ಕಳಿಸಿದರು. ವಾರಕ್ಕೊಮ್ಮೆ ಬದಲಾಯಿಸಿದರು. ಮೂರನೇ ಸಲಕ್ಕೆ ಹಲ್ಲು ಪಕ್ಕದ್ದರ ಬಣ್ಣಕ್ಕೆ ಬಂತು. ಸುಮಾರು 7 ಸಾವಿರ ಆಯಿತು. ಕೆಲವು ವರ್ಷದ ಮೇಲೆ ಸ್ವಲ್ಪ ಬಣ್ಣ ತಿರುಗಬಹುದು, ಆಗ ಮತ್ತೆ ಮಾಡಿಸಬಹುದು ಅಂದಿದ್ದಾರೆ. ಅವಳು ಕನ್ನಡಿ ನೋಡಿ ಅತ್ತಾಗ ನನಗೂ ಅಳು ಬಂತು. ಅವಳದು ಸಂತೋಷಕ್ಕೆ, ನನ್ನದು ಹೊಟ್ಟೆಕಿಚ್ಚಿಗೆ.

ಈಗ ನಿಮ್ಮ ಪ್ರಶ್ನೆ. ಅದನ್ನು ಕೇಳಿದ ರೀತಿಯೇ ಸರಿಯಿಲ್ಲ ಅನ್ನೋದು ನನ್ನ ಅಭಿಪ್ರಾಯ. ಇಂಪ್ಲಾಂಟ್ ಮತ್ತು ವೆನೀರ್ ಒಂದೇ ಅಂಗಡಿಯ ಎರಡು ಸೀರೆ ಅಲ್ಲ. ಇಂಪ್ಲಾಂಟ್ ಅನ್ನೋದು ಹಲ್ಲು ಇಲ್ಲದ ಜಾಗಕ್ಕೆ ಹಾಕೋ ಬೇರು. ವೆನೀರ್ ಅನ್ನೋದು ಇರೋ ಹಲ್ಲಿಗೆ ಮುಂದುಗಡೆ ಅಂಟಿಸೋ ತೆಳು ಬಿಲ್ಲೆ. ನಿಮಗೆ ಹಲ್ಲಿದೆ. ಹಾಗಾಗಿ ಇಂಪ್ಲಾಂಟ್ ಮಾತು ಈಗ ಬರೋದೇ ಇಲ್ಲ.

ಅದರ ಮೇಲೆ ನನಗೇನೂ ಸಿಟ್ಟಿಲ್ಲ. 1952ರಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಅನ್ನೋ ಸಂಶೋಧಕರು ಮೊಲದ ಕಾಲಿನ ಮೂಳೆಯಲ್ಲಿ ಇಟ್ಟಿದ್ದ ಟೈಟಾನಿಯಂ ತುಂಡನ್ನು ವಾಪಸ್ ತೆಗೆಯೋಕೆ ಹೋದರೆ ಬರಲಿಲ್ಲವಂತೆ, ಮೂಳೆ ಅದಕ್ಕೆ ಬೆಸೆದುಕೊಂಡಿತ್ತು. 1965ರಲ್ಲಿ ಮೊದಲ ಮನುಷ್ಯನ ಬಾಯಿಗೆ ಹಾಕಿದರು. ಹಲ್ಲೇ ಹೋದವರಿಗೆ ಅದಕ್ಕಿಂತ ಒಳ್ಳೆಯದು ಕಡಿಮೆ. ಆದರೆ ನಿಮ್ಮ ನಾಲ್ಕು ತಿಂಗಳಲ್ಲಿ ಕೀಳಿಸಿ, ಗಾಯ ಮಾಗಿ, ಸ್ಕ್ರೂ ಮೂಳೆಗೆ ಬೆಸೆದು, ಕ್ಯಾಪ್ ಕೂರೋದು ಸಾಮಾನ್ಯವಾಗಿ ಆಗದ ಮಾತು. ಬೆಸೆಯೋಕೇ ಮೂರರಿಂದ ಆರು ತಿಂಗಳು ಬೇಕು. ಅವತ್ತೇ ಕಿತ್ತು ಅವತ್ತೇ ಸ್ಕ್ರೂ ಹಾಕೋದೂ ಇದೆ, ಆದರೆ ಅದಕ್ಕೆ ಮೂಳೆ ಚೆನ್ನಾಗಿರಬೇಕು, ಕೈ ಪಳಗಿರಬೇಕು. ಮದುವೆ ತಾರೀಖು ನೋಡಿಕೊಂಡು ಮಾಡಿಸೋದಲ್ಲ. 'ಲೈಫ್‌ಟೈಮ್' ಅನ್ನೋದನ್ನೂ ಪೂರ್ತಿ ನಂಬಬೇಡಿ. ಇಂಪ್ಲಾಂಟ್‌ಗೆ ಹುಳುಕು ಹಿಡಿಯಲ್ಲ ನಿಜ, ಸುತ್ತಲಿನ ವಸಡು ಕೆಟ್ಟರೆ ಮೂಳೆ ಸವೆದು ಅದೂ ಅಲ್ಲಾಡುತ್ತೆ. ಸಿಗರೇಟು, ಹೊಗೆಸೊಪ್ಪು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದರೆ ಇನ್ನೂ ಬೇಗ.

ಆರು ವೆನೀರ್ ಅಂತ ನಿಮಗೆ ಹೇಳಿದ್ದಾರಲ್ಲ, ಅದಕ್ಕೂ ನಾನು ಬೇಡ ಅಂತಲೇ ಹೇಳುತ್ತೇನೆ. ಪಿಂಗಾಣಿ ವೆನೀರ್ ಕೂರಿಸೋಕೆ ಸಾಮಾನ್ಯವಾಗಿ ಹಲ್ಲಿನ ಮುಂಭಾಗ ಅರ್ಧ ಮಿಲಿಮೀಟರ್‌ನಷ್ಟು ಉಜ್ಜುತ್ತಾರೆ. ಉಜ್ಜಿದ ಎನಾಮಲ್ ಮತ್ತೆ ಬೆಳೆಯಲ್ಲ. ಆ ಹಲ್ಲಿಗೆ ಸಾಯೋವರೆಗೂ ಒಂದಲ್ಲ ಒಂದು ಮುಚ್ಚಳ ಬೇಕು. ಒಂದು ವೆನೀರ್ ಹತ್ತು ಹದಿನೈದು ವರ್ಷ ಬಂದರೆ ಚೆನ್ನಾಗಿ ಬಂತು ಅಂತ ಲೆಕ್ಕ. ನಿಮಗೀಗ 26. ನಲವತ್ತಕ್ಕೊಂದು ಸಲ, ಐವತ್ತೈದಕ್ಕೊಂದು ಸಲ, ಲೆಕ್ಕ ನೀವೇ ಹಾಕಿ. ಇನ್ನೊಂದು: ಕಪ್ಪು ಹಲ್ಲಿನ ಮೇಲೆ ತೆಳು ವೆನೀರ್ ಅಂಟಿಸಿದರೆ ಒಳಗಿನ ಕಪ್ಪು ಇಣುಕುತ್ತೆ. ಬಿಳಿ ಪಂಚೆ ಒಳಗೆ ಕಪ್ಪು ಚಡ್ಡಿ ಹಾಕಿದ ಹಾಗೆ. ವೆನೀರ್ ಹಾಕಿಸೋದೇ ಆದರೂ ಮೊದಲು ಒಳಗಿನಿಂದ ಬ್ಲೀಚ್ ಆಗಲೇಬೇಕು.

ಇನ್ನು ಕಂದು ಕಲೆ. ಅದು ನಮ್ಮ ಕಡೆಯ ಬೋರ್ ನೀರಿನ ಫ್ಲೋರೈಡ್. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಅನ್ನೋದು ನಮ್ಮ ದೇಶದ ಲೆಕ್ಕ. ಹಲ್ಲು ವಸಡಿನ ಒಳಗೆ ತಯಾರಾಗೋ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದ ಒಳಗೆ, ಜಾಸ್ತಿ ಫ್ಲೋರೈಡ್ ಹೊಟ್ಟೆಗೆ ಹೋದರೆ ಮಾತ್ರ ಈ ಕಲೆ ಬರೋದು. ಮಂಗಳೂರಿನಿಂದ ನಮ್ಮೂರಿಗೆ ಸೊಸೆಯಾಗಿ ಬಂದ ಅತ್ತಿಗೆ ಅದೇ ನೀರು ಕುಡಿದು ಹನ್ನೆರಡು ವರ್ಷ ಆಯಿತು, ಹಲ್ಲು ಮಲ್ಲಿಗೆ ಮೊಗ್ಗು. ಇಲ್ಲೇ ಹುಟ್ಟಿದ ಅವರ ಮಗನಿಗೆ ಕಲೆ ಇದೆ. (ಮುಂದೆ ನಿಮಗೆ ಮಕ್ಕಳಾದಾಗ ನೆನಪಿರಲಿ: ನೀರು ಕುದಿಸಿದರೆ ಫ್ಲೋರೈಡ್ ಹೋಗಲ್ಲ. ಆರ್‌ಒ ನೀರೇ ಕೊಡಿ.)

ಈ ಕಲೆ ಎಷ್ಟೋ ಸಲ ಮೇಲ್ಪದರದಲ್ಲೇ ಇರುತ್ತೆ. ಆಸಿಡ್ ಇರೋ ಒಂದು ಪೇಸ್ಟಿನಲ್ಲಿ ತೆಳ್ಳಗೆ ಉಜ್ಜಿ, ಆಮೇಲೆ ಬ್ಲೀಚ್ ಮಾಡುತ್ತಾರೆ. ಮೈಕ್ರೋಅಬ್ರೇಶನ್ ಅಂತ ಕೇಳಿ, ಡಾಕ್ಟರಿಗೆ ಗೊತ್ತಾಗುತ್ತೆ. ಮನೆಯಲ್ಲಿ ನಿಂಬೆಹಣ್ಣು, ಸೋಡಾ ಪುಡಿ ಅಂತ ಉಜ್ಜೋಕೆ ಹೋಗಬೇಡಿ, ಅದರಲ್ಲಿ ಹಲ್ಲು ಜುಮ್ಮನ್ನೋದು ಬಿಟ್ಟು ಬೇರೇನೂ ಆಗಲ್ಲ. ನಾನು ಎರಡು ಸಿಟ್ಟಿಂಗ್‌ನಲ್ಲಿ ಮಾಡಿಸಿಕೊಂಡೆ. ಪೂರ್ತಿ ಬಿಳಿ ಆಗಲಿಲ್ಲ, ಕಂದು ಹೋಗಿ ತಿಳಿ ಹಳದಿ ಉಳಿಯಿತು. ನಮ್ಮ ಮೈಬಣ್ಣಕ್ಕೆ ಅದೇ ಚೆನ್ನಾಗಿ ಕಾಣುತ್ತೆ, ಟ್ಯೂಬ್‌ಲೈಟ್ ಥರ ಹೊಳೆಯೋ ಹಲ್ಲು ನನಗಂತೂ ಸೇರಲ್ಲ. ನಿಮ್ಮ ಹಲ್ಲಿನ ಮೇಲೆ ಗುಳಿಗಳೇ ಬಿದ್ದಿದ್ದರೆ ಇಷ್ಟರಲ್ಲಿ ಮುಗಿಯಲ್ಲ. ಆಗ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ತುಂಬೋದು, ಅದಕ್ಕೂ ಆಗದಿದ್ದರೆ ವೆನೀರ್.

ಒಂದು ಮಾತು ಒಪ್ಪಿಕೊಳ್ಳುತ್ತೇನೆ. ಬೇರು ಉದ್ದಕ್ಕೆ ಸೀಳಿದ್ದರೆ, ಒಳಗೇ ಕರಗಿಹೋಗಿದ್ದರೆ, ಕೀಳಲೇಬೇಕಾಗುತ್ತೆ. ಅದನ್ನು ಎಕ್ಸ್‌ರೇ ಹೇಳಬೇಕು, ಸ್ಟೀಲ್ ಕಡ್ಡಿ ಅಲ್ಲ. ಹಾಗೇನಾದರೂ ಆದರೆ ಕೀಳೋ ಮೊದಲೇ ಆ ಗುಂಡಿಗೆ ಏನು ಮಾಡುತ್ತೀರಿ, ಮೂಳೆ ಉಳಿಸೋಕೆ ಪುಡಿ ಹಾಕುತ್ತೀರಾ ಅಂತ ಕೇಳಿ. ಹಾಸನದಲ್ಲೇ ಡೆಂಟಲ್ ಕಾಲೇಜಿದೆ, ನಿಮಗೆ ಕಡೂರಿನಿಂದ ಬೆಳಿಗ್ಗೆ ಹೋಗಿ ಸಂಜೆಗೆ ಬರೋ ದೂರ. ರೂಟ್ ಕೆನಾಲ್ ವಿಭಾಗ ಎಲ್ಲಿ ಅಂತ ಕೇಳಿಕೊಂಡು ಹೋಗಿ ತೋರಿಸಿ. ಈಗಿರೋ ಡಾಕ್ಟರಿಗೆ ಬೇಜಾರಾಗುತ್ತೆ ಅಂತ ಸುಮ್ನೆ ಕೂರಬೇಡಿ.

ಎಕ್ಸ್‌ರೇ ಆದ ಮೇಲೆ ಬೇರಿನ ಬಗ್ಗೆ ಏನಂದರು ಅಂತ ಇಲ್ಲೇ ಕೆಳಗೆ ಬರೆಯಿರಿ, ನೋಡುತ್ತೇನೆ. ಮತ್ತೆ ಮದುವೆಗೆ ಮುಂಚೆ ಸಂಕ್ರಾಂತಿ ಬರುತ್ತೆ. ಕಬ್ಬನ್ನು ಆ ಹಲ್ಲಲ್ಲಿ ಸಿಗಿಯಬೇಡಿ, ಚಾಕುವಿನಲ್ಲಿ ಹೆಚ್ಚಿಸಿಕೊಂಡು ತಿನ್ನಿ.